ಮನೆಯ ವೈಫೈನಲ್ಲಿ ಗೊತ್ತಿಲ್ಲದ ಸಾಧನ ಕಂಡರೆ: ಗುರುತು ಹಿಡಿಯುವ ಕ್ರಮ, ಹೊರಹಾಕುವ ಕ್ರಮ

ಮನೆಯಲ್ಲಿ ಲೆಕ್ಕ ಹಾಕಿದರೆ ಏಳು ಸಾಧನ, ರೌಟರಿನ ಪಟ್ಟಿಯಲ್ಲಿ ಹನ್ನೊಂದು. ಇಂಥದ್ದು ಕಂಡ ತಕ್ಷಣ ಎಲ್ಲರ ಕೈ ಹೋಗುವುದು ವೈಫೈ ಪಾಸ್‌ವರ್ಡ್ ಬದಲಿಸುವುದಕ್ಕೆ. ಅದನ್ನು ಸ್ವಲ್ಪ ತಡೆಯಿರಿ. ಪಾಸ್‌ವರ್ಡ್ ಬದಲಾದ ಕೂಡಲೇ ವೈಫೈನಲ್ಲಿರುವ ನಿಮ್ಮವು, ನಿಮ್ಮದಲ್ಲದವು ಎಲ್ಲವೂ ಒಟ್ಟಿಗೆ ಕಳಚಿಕೊಳ್ಳುತ್ತವೆ. ಆ ಸಾಧನ ಯಾವುದು, ಹೇಗೆ ಒಳಗೆ ಬಂತು ಎಂದು ತಿಳಿಯುವ ದಾರಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ದಾರಿ ಗೊತ್ತಿಲ್ಲದಿದ್ದರೆ ಅದು ನಾಳೆ ಮತ್ತೆ ಬರಬಹುದು.

ಇದಕ್ಕೆ ಒಂದೇ ವಿನಾಯಿತಿ. ರೌಟರಿನ ಅಡ್ಮಿನ್ ಪಾಸ್‌ವರ್ಡ್ (ಅದರ ಸೆಟ್ಟಿಂಗ್ ಪುಟ ತೆರೆಯಲು ಬೇಕಾದದ್ದು) ಇದ್ದಕ್ಕಿದ್ದಂತೆ ಕೆಲಸ ಮಾಡದಿದ್ದರೆ, ಅಥವಾ ಬ್ಯಾಂಕಿನ ತಾಣ ತೆರೆದಾಗ ಬೇರೆಯದೇ ಪುಟ ಬರುತ್ತಿದ್ದರೆ, ನಡುವಿನದನ್ನೆಲ್ಲ ಬಿಟ್ಟು ನೇರವಾಗಿ ಕೊನೆಯ ಎರಡು ಭಾಗಗಳಿಗೆ ಹೋಗಿ.

ಉಳಿದವರು ಮೊದಲು ರೌಟರಿನ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಅದರಲ್ಲಿ ಪ್ರತಿ ಸಾಧನದ ಹೆಸರು, ಐಪಿ ವಿಳಾಸ (ರೌಟರ್ ಅದಕ್ಕೆ ಕೊಟ್ಟ ಸಂಖ್ಯೆ), ಮ್ಯಾಕ್ ವಿಳಾಸ (ಸಾಧನ ತನ್ನ ಗುರುತಾಗಿ ತೋರಿಸುವ ಸಂಖ್ಯೆ), ಕೇಬಲ್‌ನಲ್ಲಿದೆಯೋ ವೈಫೈನಲ್ಲಿದೆಯೋ, ಎಷ್ಟು ಗಂಟೆಗೆ ಸೇರಿತು, ಇಷ್ಟೂ ಇರಲಿ. ರೌಟರಿನ ಪುಟ ಸಾಮಾನ್ಯವಾಗಿ 192.168.1.1 ಅಥವಾ 192.168.0.1ರಲ್ಲಿ ಸಿಗುತ್ತದೆ. ಸಿಗದಿದ್ದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆ ಕೊಟ್ಟು 'ಡೀಫಾಲ್ಟ್ ಗೇಟ್‌ವೇ' ಎದುರಿನ ಸಂಖ್ಯೆ ನೋಡಿ.

ಒಂದು ಮಾತು ಕೊನೆಯವರೆಗೂ ನೆನಪಿರಲಿ. ಪಟ್ಟಿಯಲ್ಲಿ ಕಾಣುವ ಹೆಸರನ್ನು ಕೊಟ್ಟಿರುವುದು ಆ ಸಾಧನವೇ. ಐಪಿ ವಿಳಾಸ ಕೇಳುವಾಗ ಅದು ತನ್ನನ್ನು ಏನೆಂದು ಕರೆದುಕೊಳ್ಳುತ್ತದೋ ರೌಟರ್ ಅದನ್ನೇ ಬರೆದುಕೊಳ್ಳುತ್ತದೆ. ಪರಿಚಿತ ಹೆಸರು ಇದೆ ಎಂದು ನೆಮ್ಮದಿಪಡುವಂತಿಲ್ಲ, ವಿಚಿತ್ರ ಹೆಸರು ಇದೆ ಎಂದು ಹೆದರುವಂತೆಯೂ ಇಲ್ಲ. ಗುರುತು ಸಿಗುವುದು ಮ್ಯಾಕ್ ವಿಳಾಸದಿಂದ ಮತ್ತು ಸಾಧನ ನಡೆದುಕೊಳ್ಳುವ ರೀತಿಯಿಂದ.

## ಕಂಪ್ಯೂಟರಿನಲ್ಲಿ ಕಾಣುತ್ತದೆ, ರೌಟರಿನ ಪಟ್ಟಿಯಲ್ಲಿ ಇಲ್ಲ

ವಿಂಡೋಸ್ ಫೈಲ್ ಎಕ್ಸ್‌ಪ್ಲೋರರಿನ 'ನೆಟ್‌ವರ್ಕ್' ಕಿಟಕಿಯಲ್ಲಿ ಯಾರದೋ ಫೋನ್, ಟಿವಿ ಅಥವಾ ಟ್ಯಾಬ್ಲೆಟ್ ಕಾಣಿಸಿಕೊಳ್ಳುವುದುಂಟು. ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಮ್ಯಾಕ್ ವಿಳಾಸ ಇದ್ದು ಐಪಿ ವಿಳಾಸ ಇಲ್ಲದಿದ್ದರೆ, ರೌಟರಿನ ಪಟ್ಟಿಯಲ್ಲೂ ಅದು ಇಲ್ಲದಿದ್ದರೆ, ಆ ಸಾಧನ ನಿಮ್ಮ ನೆಟ್‌ವರ್ಕ್‌ನೊಳಗೆ ಬಂದಿಲ್ಲ. ಸುತ್ತಮುತ್ತಲ ವೈಫೈ ಸಾಧನಗಳು 'ನನ್ನನ್ನು ಜೋಡಿಸಿಕೊಳ್ಳಿ' ಎಂದು ಗಾಳಿಯಲ್ಲಿ ಸಾರುತ್ತಿರುತ್ತವೆ. ವಿಂಡೋಸ್‌ನ 'ಕನೆಕ್ಟ್ ನೌ' ಸೇವೆ ಅದನ್ನು ಕೇಳಿಸಿಕೊಂಡು ಪಟ್ಟಿಗೆ ಸೇರಿಸಿರುತ್ತದೆ, ಅಷ್ಟೇ. ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೇಟ್ ನೆಟ್‌ವರ್ಕ್ ಭಾಗದಲ್ಲಿ ನೆಟ್‌ವರ್ಕ್ ಸಾಧನಗಳನ್ನು ತಾನಾಗಿಯೇ ಸೆಟಪ್ ಮಾಡುವ ಆಯ್ಕೆಯ ಗುರುತನ್ನು ತೆಗೆಯಿರಿ.

ವೈಫೈ ಹೆಸರುಗಳ ಸಾಲಿನಲ್ಲಿ 'ಡೈರೆಕ್ಟ್' ಎಂದು ಶುರುವಾಗುವ ಹೆಸರುಗಳ ಕಥೆಯೂ ಇದೇ. ಅವು ಪ್ರಿಂಟರ್ ಅಥವಾ ಟಿವಿ ತಾವೇ ಹರಡುತ್ತಿರುವ ಸಂಪರ್ಕಗಳು.

ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಪಟ್ಟಿ) ನೋಡುವವರು ಇನ್ನೊಂದು ಕಡೆ ಎಡವುತ್ತಾರೆ. ಅದರಲ್ಲಿ 224.0.0.22, 224.0.0.251, 239.255.255.250, 255.255.255.255 ಎಂಬ ಸಾಲುಗಳಿದ್ದು ಎದುರಿಗೆ 'ಸ್ಟ್ಯಾಟಿಕ್' ಎಂದಿರುತ್ತದೆ. ಇವು ಸಾಧನಗಳಲ್ಲ, ಒಂದೇ ಸಂದೇಶವನ್ನು ಹಲವರಿಗೆ ಕಳಿಸಲು ಮೀಸಲಿಟ್ಟ ವಿಳಾಸಗಳು. ನೋಡಬೇಕಾದದ್ದು 'ಡೈನಾಮಿಕ್' ಎಂದಿರುವ ಸಾಲುಗಳನ್ನು ಮಾತ್ರ.

## ಆಫ್ ಮಾಡಿದರೂ, ಮನೆಯಿಂದ ಹೊರಗೆ ಹೋದರೂ ಪಟ್ಟಿಯಲ್ಲಿ ಉಳಿದಿದೆ

ರೌಟರಿನಲ್ಲಿ ಎರಡು ಬೇರೆ ಪಟ್ಟಿಗಳಿರುತ್ತವೆ. ಡಿಎಚ್‌ಸಿಪಿ ಪಟ್ಟಿ ಯಾರಿಗೆ ಯಾವ ಐಪಿ ಕೊಡಲಾಗಿದೆ ಎಂಬ ದಾಖಲೆ. ಅದರ ಅವಧಿ ಅನೇಕ ರೌಟರ್‌ಗಳಲ್ಲಿ 24 ಗಂಟೆ. ನಿನ್ನೆ ಬಂದ ನೆಂಟರ ಫೋನ್ ಇವತ್ತೂ ಅಲ್ಲಿ ಕಾಣಬಹುದು. 'ವೈರ್‌ಲೆಸ್ ಕ್ಲೈಂಟ್ಸ್' ಅಥವಾ 'ಅಸೋಸಿಯೇಟೆಡ್ ಸ್ಟೇಷನ್ಸ್' ಎಂಬ ಇನ್ನೊಂದು ಪಟ್ಟಿ ಈ ಕ್ಷಣ ವೈಫೈಗೆ ಅಂಟಿಕೊಂಡಿರುವವರದ್ದು. ತೀರ್ಮಾನ ಮಾಡುವುದು ಎರಡನೆಯದರ ಮೇಲೆ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ, ಕೇಬಲ್ ಪೋರ್ಟಿನಲ್ಲೂ ಕಾಣದ ಸಾಧನ ಹಳೆಯ ನೆನಪು ಮಾತ್ರ. ರೌಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹೆಚ್ಚಿನವು ಅಳಿಸಿಹೋಗುತ್ತವೆ. ರೀಸ್ಟಾರ್ಟ್‌ಗೆ ಮುಂಚೆ ಲಾಗ್ ಪುಟ ಉಳಿಸಿಕೊಳ್ಳಿ, ಅನೇಕ ರೌಟರ್‌ಗಳಲ್ಲಿ ಅದೂ ಅಳಿಸುತ್ತದೆ.

## ಒಂದೇ ಫೋನಿಗೆ ಎರಡು ಮೂರು ಸಾಲು, ತಯಾರಕರ ಹೆಸರೂ ಇಲ್ಲ

ಇವತ್ತಿನ ದಿನ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಇದೇ. ಮ್ಯಾಕ್ ವಿಳಾಸ ಎಂದರೆ ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಕ್ಷರ. ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಾದರೆ ಮೊದಲ ಮೂರು ಜೋಡಿ ತಯಾರಕರ ಗುರುತು. ಇದನ್ನು ಹಂಚುವುದು ಐಇಇಇ ಸಂಸ್ಥೆ. ಆದರೆ ಆಂಡ್ರಾಯ್ಡ್ 10 (2019) ಮತ್ತು ಐಒಎಸ್ 14 (2020) ಬಂದ ಮೇಲೆ ಫೋನ್‌ಗಳು ನಿಜವಾದ ವಿಳಾಸವನ್ನು ಬಚ್ಚಿಟ್ಟು ಒಂದೊಂದು ವೈಫೈ ಹೆಸರಿಗೆ ಒಂದೊಂದು ಕಲ್ಪಿತ ವಿಳಾಸ ತೋರಿಸುತ್ತವೆ. ನಿಮ್ಮ ರೌಟರ್ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟಿದ್ದರೆ ಒಂದೇ ಫೋನ್ ಎರಡು ಸಾಧನವಾಗಿ ದಾಖಲಾಗುತ್ತದೆ. ಗೆಸ್ಟ್ ನೆಟ್‌ವರ್ಕ್‌ಗೂ ಒಮ್ಮೆ ಸೇರಿದ್ದರೆ ಮೂರು.

ಪತ್ತೆ ಸುಲಭ. ಮ್ಯಾಕ್ ವಿಳಾಸದ ಎರಡನೆಯ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ಕಾರ್ಖಾನೆಯದಲ್ಲ, ತಂತ್ರಾಂಶ ಹುಟ್ಟಿಸಿದ್ದು. ತಯಾರಕರ ಹೆಸರು ಹುಡುಕುವ ತಾಣಗಳಲ್ಲಿ ಅದನ್ನು ಹಾಕುವುದು ವ್ಯರ್ಥ ಶ್ರಮ. ಅದರ ಬದಲು ಮನೆಯ ಪ್ರತಿ ಫೋನ್ ಕೈಗೆತ್ತಿಕೊಂಡು ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ವಿವರ ತೆರೆಯಿರಿ. ಐಫೋನ್‌ನಲ್ಲಿ 'ಪ್ರೈವೇಟ್ ವೈಫೈ ಅಡ್ರೆಸ್', ಆಂಡ್ರಾಯ್ಡ್‌ನಲ್ಲಿ 'ಪ್ರೈವೆಸಿ' ಅಥವಾ 'ಮ್ಯಾಕ್ ಅಡ್ರೆಸ್ ಟೈಪ್' ಬಳಿ ಈಗ ಬಳಕೆಯಲ್ಲಿರುವ ವಿಳಾಸ ಸಿಗುತ್ತದೆ. 'ಅಬೌಟ್ ಫೋನ್' ಪುಟದಲ್ಲಿರುವ ವಿಳಾಸ ಬೇರೆಯೇ ಇರಬಹುದು, ಅದನ್ನು ಹೋಲಿಸಬೇಡಿ. ಪದೇ ಪದೇ ಗೊಂದಲವಾಗುತ್ತಿದ್ದರೆ ಮನೆಯ ನೆಟ್‌ವರ್ಕ್‌ಗೆ ಮಾತ್ರ ಸಾಧನದ ನಿಜ ವಿಳಾಸ ಬಳಸುವಂತೆ ಇಡಿ. ಹೊರಗಿನ ವೈಫೈಗಳಲ್ಲಿ ಕಲ್ಪಿತ ವಿಳಾಸವೇ ಒಳ್ಳೆಯದು.

ಇದೇ ಗುರುತು ವೈಫೈ ವ್ಯಾಪ್ತಿ ಹಿಗ್ಗಿಸುವ ಮೆಶ್ ಘಟಕ, ಎಕ್ಸ್‌ಟೆಂಡರ್‌ಗಳಲ್ಲೂ, ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ನಡೆಯುವ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮಷಿನ್‌ಗಳಲ್ಲೂ ಕಾಣಬಹುದು. ಈ ಗುರುತು ಇಲ್ಲದಿದ್ದರೂ, 08:00:27ರಿಂದ ಆರಂಭವಾಗುವ ವಿಳಾಸ ಕಂಡರೆ ಅದು ಸಾಮಾನ್ಯವಾಗಿ ನಿಮ್ಮದೇ ಕಂಪ್ಯೂಟರಿನೊಳಗಿನ ವರ್ಚುವಲ್‌ಬಾಕ್ಸ್ ಎಂಬ ವರ್ಚುವಲ್ ಮಷಿನ್ ತಂತ್ರಾಂಶ. ಕೇಬಲ್ಲೂ ವೈಫೈಯೂ ಇರುವ ಲ್ಯಾಪ್‌ಟಾಪ್ ಅಥವಾ ಟಿವಿ ಎರಡು ವಿಳಾಸ ಹೊಂದಿರುವುದು ಸಹಜ.

## ತಯಾರಕರ ಹೆಸರು ಕೇಳಿಯೇ ಇಲ್ಲ

ಸಿಗುವ ಹೆಸರು ಡಬ್ಬಿಯ ಮೇಲಿನ ಬ್ರಾಂಡ್ ಅಲ್ಲ, ಒಳಗಿನ ವೈಫೈ ಚಿಪ್ ಅಥವಾ ಮಾಡ್ಯೂಲ್ ಮಾಡಿದ ಕಂಪನಿ ಎಂಬುದು ತಿಳಿದರೆ ಅರ್ಧ ಗಂಟು ಬಿಚ್ಚಿದಂತೆ. ಎಸ್ಪ್ರೆಸಿಫ್ ಅಥವಾ ಟುಯಾ ಎಂದಿದ್ದರೆ ಸ್ಮಾರ್ಟ್ ಬಲ್ಬ್, ಪ್ಲಗ್, ಸ್ವಿಚ್‌ಗಳನ್ನು ನೋಡಿ. ಹೊನ್ ಹೈ ಎಂದರೆ ಫಾಕ್ಸ್‌ಕಾನ್. ಲ್ಯಾಪ್‌ಟಾಪ್, ಗೇಮ್ ಕನ್ಸೋಲ್, ಪ್ರಿಂಟರ್ ಯಾವುದೂ ಆಗಬಹುದು. ಅಜುರ್‌ವೇವ್, ಲೈಟ್‌ಆನ್ ಹೆಚ್ಚಾಗಿ ಲ್ಯಾಪ್‌ಟಾಪ್‌ಗಳಲ್ಲಿ. ಮುರಾಟ ಫೋನ್‌ಗಳಲ್ಲೂ ಗೃಹೋಪಯೋಗಿ ಯಂತ್ರಗಳಲ್ಲೂ ಇದೆ.

ಮರೆತುಹೋಗುವ ಸಾಧನಗಳು ಯಾವಾಗಲೂ ಒಂದೇ ಗುಂಪಿನವು: ಎಸಿ, ವಾಷಿಂಗ್ ಮಷಿನ್, ಸೌರ ಇನ್ವರ್ಟರ್, ತೂಕದ ಯಂತ್ರ, ಇ-ಪುಸ್ತಕ ಓದುವ ಸಾಧನ, ಕೈಗಡಿಯಾರ, ಕಾರು. ರಾತ್ರಿ ಎರಡಕ್ಕೆ ಬಂದು ಹೋಗುವ ಅಪರಿಚಿತ ಸಾಧನ ಎಂದರೆ ಎಷ್ಟೋ ಸಲ ಸ್ಟ್ಯಾಂಡ್‌ಬೈನಲ್ಲಿರುವ ಟಿವಿ ಅಪ್‌ಡೇಟ್‌ಗಾಗಿ ಎಚ್ಚರಗೊಂಡಿರುವುದು.

## ಇಷ್ಟಾದರೂ ಯಾವುದಕ್ಕೂ ತಾಳೆಯಾಗುತ್ತಿಲ್ಲ

ಈಗ ಸಾಧನದ ನಡವಳಿಕೆ ನೋಡಬೇಕು. ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ತಡೆಹಿಡಿಯುವುದು: ರೌಟರಿನಲ್ಲಿ ಆ ಒಂದು ಸಾಧನವನ್ನು ಬ್ಲಾಕ್ ಮಾಡಿ ಒಂದು ದಿನ ಬಿಡಿ. ಮನೆಯಲ್ಲಿ ಯಾವುದಾದರೂ ಕೆಲಸ ನಿಲ್ಲಿಸಿದರೆ ಉತ್ತರ ಸಿಕ್ಕಿತು. ಒಂದು ದಿನ ಪೂರ್ತಿ ಬೇಕು, ಏಕೆಂದರೆ ಎಷ್ಟೋ ಉಪಕರಣಗಳು ಇಂಟರ್‌ನೆಟ್ ಇಲ್ಲದೆಯೂ ಗಂಟೆಗಟ್ಟಲೆ ಮಾಮೂಲಿನಂತೆ ನಡೆಯುತ್ತವೆ. ಎಚ್ಚರಿಕೆ: ಮನೆಯಲ್ಲಿ ವೈಫೈಗೆ ಜೋಡಿಸಿದ ವೈದ್ಯಕೀಯ ಉಪಕರಣ, ಬೆಂಕಿ ಅಥವಾ ಕಳ್ಳತನದ ಅಲಾರಂ, ಸ್ಮಾರ್ಟ್ ಬೀಗ ಇದ್ದರೆ ಮೊದಲು ಅವುಗಳ ಮ್ಯಾಕ್ ವಿಳಾಸವನ್ನು ಅವುಗಳ ಸ್ಟಿಕರ್ ನೋಡಿ ಹೊಂದಿಸಿಕೊಳ್ಳಿ. ಗುರುತಾಗದೆ ಬ್ಲಾಕ್ ಮಾಡಬೇಡಿ.

ಬ್ಲಾಕ್ ಮಾಡಲು ಇಷ್ಟವಿಲ್ಲದಿದ್ದರೆ ತಿರುಗಾಮುರುಗಾ ಹೋಗಿ. ಉಪಕರಣಗಳ ಪ್ಲಗ್ ಒಂದೊಂದಾಗಿ ತೆಗೆದು, ಎರಡು ನಿಮಿಷ ಕಾದು ವೈರ್‌ಲೆಸ್ ಪಟ್ಟಿ ನೋಡಿ. ಸ್ಟ್ಯಾಂಡ್‌ಬೈ ಸಾಲದು, ಪ್ಲಗ್ಗೇ ತೆಗೆಯಬೇಕು.

ಸಿಗ್ನಲ್ ಬಲ ಒಳ್ಳೆಯ ಸುಳಿವು, ಆದರೆ ಸಾಕ್ಷಿಯಲ್ಲ. ರೌಟರಿರುವ ಕೋಣೆಯ ಸಾಧನ −30ರಿಂದ −50 ಡಿಬಿಎಂ ತೋರಿಸುತ್ತದೆ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಗೋಡೆ ದಾಟಿದರೆ −60ರ ಆಸುಪಾಸು. −80ಕ್ಕಿಂತ ಕೆಳಗೆ ಇದ್ದರೆ ದೂರದಲ್ಲಿದೆ, ಮನೆಯಾಚೆ ಇರುವ ಸಾಧ್ಯತೆಯೂ ಇದೆ. ಆದರೆ ಲೋಹದ ಪೆಟ್ಟಿಗೆಯೊಳಗಿನ ಇನ್ವರ್ಟರ್ ಕೂಡ ಅಷ್ಟೇ ದುರ್ಬಲವಾಗಿ ಕಾಣುತ್ತದೆ. ಅಂಕಿಗಿಂತ ಅದರ ಏರಿಳಿತ ಹೆಚ್ಚು ಹೇಳುತ್ತದೆ. ಗೋಡೆಗೆ ಕೂರಿಸಿದ ಸಾಧನದ ಸಂಖ್ಯೆ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ, ಜೇಬಿನಲ್ಲಿರುವ ಫೋನಿನದು ಹತ್ತಿಪ್ಪತ್ತು ಅಂಕಿ ಓಡಾಡುತ್ತದೆ.

ಡೇಟಾ ಬಳಕೆ ನೋಡಿ. ಬಲ್ಬ್, ಪ್ಲಗ್‌ಗಳದ್ದು ಅತ್ಯಲ್ಪ. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಬಹಳ ಹೆಚ್ಚಿದ್ದು ಅದು ನಿರಂತರವಾಗಿದ್ದರೆ ಕ್ಯಾಮೆರಾ ಎಂದು ಅನುಮಾನಿಸಬೇಕು. ಡೌನ್‌ಲೋಡ್ ಸಂಜೆ ಹೊತ್ತು ಜೋರಾಗಿದ್ದರೆ ಯಾರೋ ವಿಡಿಯೊ ನೋಡುತ್ತಿದ್ದಾರೆ.

ಕಂಪ್ಯೂಟರಿನಿಂದ ಆ ಐಪಿಗೆ ಪಿಂಗ್ ಮಾಡಿದರೆ (ಇದ್ದೀಯಾ ಎಂದು ಕೇಳುವ ಚಿಕ್ಕ ಸಂದೇಶ ಕಳಿಸಿದರೆ) ಉತ್ತರದಲ್ಲಿ ಸಾಧನದ ಬಗೆಯ ಸುಳಿವು ಕೊಡುವ ಟಿಟಿಎಲ್ ಸಂಖ್ಯೆ ಬರುತ್ತದೆ. 128 ಇದ್ದರೆ ವಿಂಡೋಸ್. 64 ಇದ್ದರೆ ಆಂಡ್ರಾಯ್ಡ್, ಐಫೋನ್, ಮ್ಯಾಕ್ ಅಥವಾ ಲಿನಕ್ಸ್ ಆಧಾರಿತ ಟಿವಿ, ಕ್ಯಾಮೆರಾ. 255 ಇದ್ದರೆ ಸಾಮಾನ್ಯವಾಗಿ ನೆಟ್‌ವರ್ಕ್ ಉಪಕರಣ ಅಥವಾ ಚಿಕ್ಕ ಚಿಪ್‌ನ ಸಾಧನ. ಉತ್ತರವೇ ಬರದಿದ್ದರೆ ಸಾಧನ ಇಲ್ಲವೆಂದಲ್ಲ, ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಮೌನವಾಗಿರುವುದೇ ಹೆಚ್ಚು. ಎನ್‌ಮ್ಯಾಪ್ ಎಂಬ ಸ್ಕ್ಯಾನ್ ತಂತ್ರಾಂಶ ಬಳಸಬಲ್ಲವರು ತೆರೆದ ಪೋರ್ಟ್ (ಒಂದೊಂದು ಸೇವೆಗೆ ಒಂದೊಂದು ಸಂಖ್ಯೆಯ ಬಾಗಿಲು) ನೋಡಿ: 9100 ಪ್ರಿಂಟರ್, 8009 ಕ್ರೋಮ್‌ಕಾಸ್ಟ್ ಅಥವಾ ಟಿವಿ, 62078 ಐಫೋನ್ ಇಲ್ಲವೇ ಐಪ್ಯಾಡ್, 445 ವಿಂಡೋಸ್ ಫೈಲ್ ಹಂಚಿಕೆ, 554 ಕ್ಯಾಮೆರಾದ ವಿಡಿಯೊ. ಈ ಸ್ಕ್ಯಾನ್ ನಿಮ್ಮ ಸ್ವಂತ ನೆಟ್‌ವರ್ಕ್‌ನಲ್ಲಿ ಮಾತ್ರ. ಪೋರ್ಟ್ ತೆರೆದಿದೆ ಎಂದು ಆ ಸಾಧನದೊಳಗೆ ನುಗ್ಗಲು ಪ್ರಯತ್ನಿಸುವುದು ಬೇಡವೇ ಬೇಡ, ಅದು ಕಾನೂನಿನ ಕಣ್ಣಿನಲ್ಲಿ ನಿಮ್ಮದೇ ತಪ್ಪಾಗುತ್ತದೆ. ಫೋನ್‌ನಲ್ಲಿ ಹಾಕುವ ಸ್ಕ್ಯಾನರ್ ಆ್ಯಪ್‌ಗಳಿಗೆ ಈಗಿನ ಆಂಡ್ರಾಯ್ಡ್, ಐಒಎಸ್ ಎರಡೂ ಮ್ಯಾಕ್ ವಿಳಾಸ ಓದಲು ಬಿಡುವುದಿಲ್ಲ. ಹಾಗಾಗಿ ಅವು ತೋರಿಸುವ ಸಾಧನದ ಹೆಸರಲ್ಲಿ ಊಹೆಯ ಪಾಲು ಇರುತ್ತದೆ.

## ಎರಡು ಐಪಿಗೆ ಒಂದೇ ಮ್ಯಾಕ್

ಎಕ್ಸ್‌ಟೆಂಡರ್ ಇರುವ ಮನೆಯಲ್ಲಿ ಇದು ಮಾಮೂಲು. ಅದರ ಹಿಂದಿರುವ ಸಾಧನಗಳೆಲ್ಲ ಎಕ್ಸ್‌ಟೆಂಡರಿನದೇ ಮ್ಯಾಕ್ ಹೊತ್ತು ಬರುತ್ತವೆ. ಆದರೆ ಎಕ್ಸ್‌ಟೆಂಡರ್ ಇಲ್ಲದೆ, ರೌಟರಿಗೇ ನೇರವಾಗಿ ಜೋಡಿಸಿದ ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಲ್ಲಿ ಗೇಟ್‌ವೇಯ, ಅಂದರೆ ರೌಟರಿನ, ಮ್ಯಾಕ್ ಬೇರೊಂದು ಸಾಧನದ ಮ್ಯಾಕ್‌ಗೆ ಸಮನಾಗಿದ್ದರೆ ಅದು ಗಂಭೀರ. ಯಾವುದೋ ಸಾಧನ ತಾನೇ ರೌಟರ್ ಎಂದು ನಟಿಸಿ ನಿಮ್ಮ ಮಾಹಿತಿಯನ್ನು ತನ್ನ ಮೂಲಕ ಹರಿಸಿಕೊಳ್ಳುತ್ತಿರಬಹುದು. ರೌಟರಿನ ತಳದ ಸ್ಟಿಕರಿನಲ್ಲಿರುವ ವಿಳಾಸವನ್ನು ಹೋಲಿಸಿ. ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆಯಿದ್ದರೆ ಅದು ರೌಟರಿನದೇ ಇನ್ನೊಂದು ಪೋರ್ಟು. ಪೂರ್ತಿ ಬೇರೆಯಾಗಿದ್ದರೆ ಆ ಸಂಪರ್ಕದಲ್ಲಿ ಯಾವ ಖಾತೆಗೂ ಲಾಗಿನ್ ಆಗಬೇಡಿ.

## ಖಾತ್ರಿಯಾಯಿತು, ಇದು ನಮ್ಮದಲ್ಲ

ಇಲ್ಲಿ ಕೆಲಸದ ಕ್ರಮ ತಪ್ಪಬಾರದು. ಮೊದಲು ಬದಲಿಸಬೇಕಾದದ್ದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರಿನ ಅಡ್ಮಿನ್ ಪಾಸ್‌ವರ್ಡ್. ಒಳಗಿರುವವರಿಗೆ ಅಡ್ಮಿನ್ ಪುಟ ತೆರೆಯುವ ದಾರಿ ಇದ್ದರೆ ನೀವು ಇಡುವ ಹೊಸ ವೈಫೈ ಪಾಸ್‌ವರ್ಡನ್ನು ಅಲ್ಲೇ ಓದಿಕೊಳ್ಳುತ್ತಾರೆ. ಕಂಪ್ಯೂಟರನ್ನು ಕೇಬಲ್ ಮೂಲಕ ಜೋಡಿಸಿ ಇದನ್ನು ಮಾಡಿ.

ಎರಡನೆಯದು ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡುವುದು. ಅದರ ಪಿನ್ ನೋಡಲು ಎಂಟು ಅಂಕಿ, ಆದರೆ ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದ್ದು. ರೌಟರ್ ಮೊದಲ ನಾಲ್ಕು ಅಂಕಿಯನ್ನೂ ನಂತರದ ಮೂರನ್ನೂ ಬೇರೆ ಬೇರೆಯಾಗಿ ಸರಿ-ತಪ್ಪು ಹೇಳುತ್ತದೆ. ಹಾಗಾಗಿ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನಗಳೊಳಗೆ ಪಿನ್ ಸಿಕ್ಕಿಬಿಡುತ್ತದೆ. ಈ ದೋಷ ಬಹಿರಂಗವಾದದ್ದು 2011ರಲ್ಲಿ. ವೈಫೈ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಈ ಬಾಗಿಲು ತೆರೆದಿದ್ದರೆ ಪ್ರಯೋಜನವಿಲ್ಲ.

ಆಮೇಲೆ ಭದ್ರತೆಯ ವಿಧ, ಅಂದರೆ ವೈಫೈ ಮಾಹಿತಿಯನ್ನು ಗೂಢಲಿಪಿಯಲ್ಲಿ ಮುಚ್ಚುವ ಬಗೆ. ಡಬ್ಲ್ಯುಪಿಎ3 ಇದ್ದರೆ ಅದು, ಹಳೆಯ ಸಾಧನಗಳಿದ್ದರೆ ಡಬ್ಲ್ಯುಪಿಎ2 ಮತ್ತು 3ರ ಮಿಶ್ರ ಆಯ್ಕೆ. ಡಬ್ಲ್ಯುಪಿಎ2 ಮಾತ್ರ ಇದ್ದರೆ ಎಇಎಸ್ ಆರಿಸಿ, ಹಳೆಯ ದುರ್ಬಲ ಬಗೆಗಳಾದ ಟಿಕೆಐಪಿ ಮತ್ತು ಡಬ್ಲ್ಯುಇಪಿ ಬೇಡ. ಈಗ ಹೊಸ ಪಾಸ್‌ವರ್ಡ್. ನಿಯಮ 8ರಿಂದ 63 ಅಕ್ಷರಗಳವರೆಗೆ ಬಿಡುತ್ತದೆ, 16ಕ್ಕಿಂತ ಕಡಿಮೆ ಇಡಬೇಡಿ. ಡಬ್ಲ್ಯುಪಿಎ2ನಲ್ಲಿ ಸಾಧನವೊಂದು ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡು, ರೌಟರಿನಿಂದ ದೂರ ಕೂತು, ಕೋಟಿಗಟ್ಟಲೆ ಊಹೆಗಳನ್ನು ಯಂತ್ರಕ್ಕೆ ಹಚ್ಚಬಹುದು. ಫೋನ್ ನಂಬರು, ಮನೆಯ ಹೆಸರು, ಹುಟ್ಟಿದ ದಿನ ಆ ಸಾಲಿನಲ್ಲಿ ಮೊದಲೇ ಬರುತ್ತವೆ. 2.4, 5 ಮತ್ತು ಗೆಸ್ಟ್, ಮೂರರಲ್ಲೂ ಬದಲಿಸಿ.

ಮ್ಯಾಕ್ ಫಿಲ್ಟರ್ (ಆಯ್ದ ಮ್ಯಾಕ್ ವಿಳಾಸಗಳನ್ನು ಮಾತ್ರ ಒಳಗೆ ಬಿಡುವುದು) ಹಾಕುವುದು, ವೈಫೈ ಹೆಸರು ಮರೆಮಾಡುವುದು ಇವೆರಡನ್ನೂ ರಕ್ಷಣೆ ಎಂದುಕೊಳ್ಳಬೇಡಿ. ಮ್ಯಾಕ್ ವಿಳಾಸ ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಯಾರು ಬೇಕಾದರೂ ನಕಲು ಮಾಡಬಹುದು.

ಸಾಧನಗಳನ್ನು ಒಂದೊಂದಾಗಿ ವಾಪಸ್ ಸೇರಿಸುತ್ತ, ಸೇರಿದ ಕೂಡಲೇ ರೌಟರಿನಲ್ಲಿ ಅದಕ್ಕೊಂದು ಸ್ಪಷ್ಟ ಹೆಸರು ಕೊಡಿ: 'ಹಾಲ್ ಟಿವಿ ಕೇಬಲ್', 'ಅಡುಗೆಮನೆ ಬಲ್ಬ್ 2'. ಇಲ್ಲಿ ತಾಳ್ಮೆ ವಹಿಸಿದರೆ ಮುಂದಿನ ಸಲ ಹೊಸದು ಬಂದಾಗ ಒಂದೇ ನೋಟಕ್ಕೆ ಸಿಗುತ್ತದೆ. ಬಲ್ಬ್, ಪ್ಲಗ್, ಕ್ಯಾಮೆರಾಗಳನ್ನೂ ಅತಿಥಿಗಳನ್ನೂ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇಡಿ. ಬಲ್ಬ್ ಸೇರದೆ ಹಟ ಮಾಡಿದರೆ ಬಹುಶಃ ಅದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು, ಇಲ್ಲವೇ ಡಬ್ಲ್ಯುಪಿಎ3 ಅರಿಯದು.

## ಪಾಸ್‌ವರ್ಡ್ ಬದಲಿಸಿದರೂ ಮತ್ತೆ ಬಂದಿದೆ

ಮೊದಲು ಕೇಬಲ್ ನೋಡಿ. ವೈಫೈ ಪಾಸ್‌ವರ್ಡ್ ಕೇಬಲ್‌ಗೆ ಅನ್ವಯಿಸುವುದೇ ಇಲ್ಲ. ರೌಟರಿನ ಹಿಂದಿನ ಪ್ರತಿ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಕೈಯಲ್ಲಿ ಹಿಡಿದು ನಡೆಯಿರಿ. ನಂತರ ಎಕ್ಸ್‌ಟೆಂಡರ್: ಅದು ತನ್ನದೇ ಹೆಸರು, ತನ್ನದೇ ಹಳೆಯ ಪಾಸ್‌ವರ್ಡ್‌ನಲ್ಲಿ ವೈಫೈ ಹರಡುತ್ತಿರಬಹುದು. ಹಾಗೆಯೇ ಮೂಲೆಯಲ್ಲಿ ಉಳಿದ ಹಳೆಯ ರೌಟರ್, ಪವರ್‌ಲೈನ್ ಅಡಾಪ್ಟರ್ (ಮನೆಯ ವಿದ್ಯುತ್ ತಂತಿಯಲ್ಲೇ ನೆಟ್‌ವರ್ಕ್ ಹರಿಸುವ ಸಾಧನ), ಮರೆತ ಗೆಸ್ಟ್ ನೆಟ್‌ವರ್ಕ್.

ಇವೆಲ್ಲ ಸರಿಯಿದ್ದರೆ ಹೊಸ ಪಾಸ್‌ವರ್ಡ್ ಮನೆಯೊಳಗಿಂದಲೇ ಹೊರಗೆ ಹೋಗಿದೆ. ಫೋನ್‌ಗಳು ವೈಫೈ ಪಾಸ್‌ವರ್ಡನ್ನು ಕ್ಯೂಆರ್ ಚಿತ್ರವಾಗಿ ಹಂಚುತ್ತವೆ, ಖಾತೆಯ ಮೂಲಕ ಇತರ ಸಾಧನಗಳಿಗೂ ತಲುಪಿಸುತ್ತವೆ. ಮಾರಿದ ಅಥವಾ ಯಾರಿಗೋ ಕೊಟ್ಟ ಫೋನ್‌ನಲ್ಲಿ ನಿಮ್ಮ ಖಾತೆ ಉಳಿದಿದ್ದರೆ ಹೊಸ ಪಾಸ್‌ವರ್ಡೂ ಅಲ್ಲಿಗೆ ತಲುಪಬಹುದು. ಖಾತೆಯ ಸಾಧನ ಪಟ್ಟಿಯಿಂದ ಅದನ್ನು ತೆಗೆಯಿರಿ.

## ರೌಟರಿನ ಒಳಗೇ ಏನೋ ಬದಲಾಗಿದೆ

ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆ) ಜಾಗದಲ್ಲಿ ನೀವು ಹಾಕದ ವಿಳಾಸ, ನೀವು ಮಾಡದ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಮನೆಯ ಸಾಧನಕ್ಕೆ ದಾರಿ ಬಿಡುವ ಸೆಟ್ಟಿಂಗ್), ಗೊತ್ತಿಲ್ಲದ ಅಡ್ಮಿನ್ ಬಳಕೆದಾರ, ತಾನಾಗಿ ಆನ್ ಆದ ರಿಮೋಟ್ ಮ್ಯಾನೇಜ್‌ಮೆಂಟ್. ಇವುಗಳಲ್ಲಿ ಒಂದಿದ್ದರೂ ಪಾಸ್‌ವರ್ಡ್ ಬದಲಾವಣೆ ಸಾಲದು. ಒಂದು ವಿಷಯ ಮಾತ್ರ ತಪ್ಪು ತಿಳಿಯಬಾರದು: ಟಿಆರ್-069 ಎಂಬ ಸೆಟ್ಟಿಂಗ್ ಅಥವಾ 7547 ಪೋರ್ಟ್ ಕಂಡರೆ ಅದು ಸಾಮಾನ್ಯವಾಗಿ ಇಂಟರ್‌ನೆಟ್ ಸೇವೆ ಕೊಡುವ ಕಂಪನಿ ದೂರದಿಂದ ನಿರ್ವಹಿಸುವ ವ್ಯವಸ್ಥೆ.

ಫ್ಯಾಕ್ಟರಿ ರೀಸೆಟ್‌ಗೆ ಮುಂಚೆ ರೌಟರ್ ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗಲು ಬಳಸುವ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಎಲ್‌ಎಎನ್ ಸಂಖ್ಯೆ ಬರೆದುಕೊಳ್ಳಿ. ಅವು ಅಳಿಸಿದರೆ ಇಂಟರ್‌ನೆಟ್ ಪೂರ್ತಿ ನಿಲ್ಲುತ್ತದೆ. ಪೆಟ್ಟಿಗೆ ಕಂಪನಿಯದಾಗಿದ್ದರೆ ಅವರನ್ನು ಕೇಳದೆ ರೀಸೆಟ್ ಮಾಡಬೇಡಿ. ರೀಸೆಟ್ ಗುಂಡಿಯನ್ನು ಸಾಮಾನ್ಯವಾಗಿ 10 ಸೆಕೆಂಡ್‌ನಷ್ಟು ಒತ್ತಿ ಹಿಡಿಯಬೇಕು. ನಂತರ ಫರ್ಮ್‌ವೇರ್ ಅಪ್‌ಡೇಟ್, ಅಡ್ಮಿನ್ ಪಾಸ್‌ವರ್ಡ್, ಡಬ್ಲ್ಯುಪಿಎಸ್ ಆಫ್, ವೈಫೈ, ಇದೇ ಕ್ರಮದಲ್ಲಿ. ಹಳೆಯ ಬ್ಯಾಕಪ್ ಫೈಲಿನಿಂದ ಸೆಟ್ಟಿಂಗ್ ತುಂಬಿದರೆ ಕೆಟ್ಟದ್ದೂ ಅದರ ಜೊತೆಗೆ ವಾಪಸ್ ಬರುತ್ತದೆ. ಕ್ಯಾಮೆರಾ, ಡಿವಿಆರ್‌ಗಳ ಕಾರ್ಖಾನೆ ಪಾಸ್‌ವರ್ಡನ್ನೂ ಬದಲಿಸಿ: 2016ರ ಮಿರಾಯ್ ಎಂಬ ಕೇಡಿನ ತಂತ್ರಾಂಶದ ದಾಳಿ ಹಬ್ಬಿದ್ದು ಅಂಥ ಬದಲಿಸದ ಪಾಸ್‌ವರ್ಡ್‌ಗಳಿಂದಲೇ. ಫರ್ಮ್‌ವೇರ್ ಅಪ್‌ಡೇಟ್ ಬರುವುದೇ ನಿಂತ ರೌಟರ್ ಆದರೆ ರೀಸೆಟ್ ತಾತ್ಕಾಲಿಕ, ಪೆಟ್ಟಿಗೆಯನ್ನೇ ಬದಲಿಸಬೇಕು.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ತಂತಿ ಹುಡುಕುವಾಗ ಫೈಬರ್ ತಂತಿಯನ್ನು ಕಳಚಬೇಡಿ, ಅದರ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. ಅದರಲ್ಲಿ ಹರಿಯುವ 1490 ನ್ಯಾನೋಮೀಟರ್ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಮಾಡಬಲ್ಲದು. ತುದಿಗೆ ಧೂಳು ಕೂತರೂ ಸಂಪರ್ಕ ಹಾಳು.

ಬಾಡಿಗೆ ಕೋಣೆಯಲ್ಲಿ ಅಡಗಿಸಿದ ಕ್ಯಾಮೆರಾ ಸಿಕ್ಕರೆ ಅದನ್ನು ಕೀಳಬೇಡಿ, ಮುರಿಯಬೇಡಿ. ಇದ್ದಲ್ಲೇ ಫೋಟೊ ತೆಗೆದು, ಕೋಣೆಯಿಂದ ಹೊರಬಂದು ಪೊಲೀಸರಿಗೆ ತಿಳಿಸಿ.

ಜೊತೆಗಿರುವವರೋ ಹಿಂದೆ ಜೊತೆಗಿದ್ದವರೋ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಅನುಮಾನವಿದ್ದರೆ ಮೇಲಿನ ಯಾವ ಹೆಜ್ಜೆಯನ್ನೂ ಅವಸರದಲ್ಲಿ ಇಡಬೇಡಿ. ಸಾಧನ ಇದ್ದಕ್ಕಿದ್ದಂತೆ ಕಡಿದುಹೋದರೆ ನಿಮಗೆ ತಿಳಿದಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ, ಅಪಾಯ ಹೆಚ್ಚಬಹುದು. ಅವರ ಕೈಗೆ ಎಂದೂ ಸಿಗದ ಬೇರೆ ಫೋನ್, ಬೇರೆ ಸಂಪರ್ಕ ಬಳಸಿ ನೆರವು ಕೇಂದ್ರವನ್ನೋ ನಂಬಿಕಸ್ಥರನ್ನೋ ಮೊದಲು ಸಂಪರ್ಕಿಸಿ.

ಖಾತೆಯಿಂದ ಹಣ ಹೋಗಿದ್ದರೆ ರೌಟರನ್ನು ಇದ್ದಲ್ಲಿಗೇ ಬಿಟ್ಟು ಮೊದಲು ಬ್ಯಾಂಕಿಗೆ ಕರೆ ಮಾಡಿ. ಪಾಸ್‌ವರ್ಡ್‌ಗಳನ್ನು ಮೊಬೈಲ್ ಡೇಟಾದಲ್ಲಿ ಬದಲಿಸಿ, ಮನೆಯ ವೈಫೈನಲ್ಲಿ ಅಲ್ಲ. ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡುವಾಗ ಮೊದಲ ದಿನದ ಸ್ಕ್ರೀನ್‌ಶಾಟ್, ರೌಟರಿನ ಲಾಗ್, ಅಪರಿಚಿತ ಸಾಧನದ ಮ್ಯಾಕ್ ವಿಳಾಸ, ಅದು ಕಾಣಿಸಿಕೊಂಡ ದಿನಾಂಕ ಮತ್ತು ಗಂಟೆ ಕೈಯಲ್ಲಿರಲಿ. ರೌಟರಿನ ಗಡಿಯಾರ ಹಿಂದೆ ಮುಂದೆ ಇದ್ದರೆ ಎಷ್ಟು ನಿಮಿಷ ಎಂಬುದನ್ನೂ ಬರೆದಿಡಿ. ಇವೆಲ್ಲ ನಕಲು ಮಾಡಿ ಇಟ್ಟುಕೊಳ್ಳುವವರೆಗೆ ರೀಸೆಟ್ ಗುಂಡಿ ಮುಟ್ಟಬೇಡಿ.